ನಲವತ್ತೈದನೇ ನಿಮಿಷ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ:
ಅವರ ಮೂರನೇ ಆಲ್ಬಮ್ಮೇ ದೊಡ್ಡದು.
ನಾಲ್ಕನೆಯದರಲ್ಲಿ ದುಡ್ಡು ಕೇಳಿಸುತ್ತದೆ.
ಐದನೆಯದರಲ್ಲಿ ಡ್ರಮ್ಸ್ ಬಾರಿಸುವವನು ಬಿಟ್ಟುಹೋದದ್ದು ಕೇಳಿಸುತ್ತದೆ,
ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವ ಹಾಗೆ
ಕಿವಿ ಅಲ್ಲಿಗೇ ಹೋಗುತ್ತದೆ.

ಅವರ ಹೆಸರು ನನಗೆ ಬಹಳ ವರ್ಷ ಗೊತ್ತಿರಲಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿನ ಪಕ್ಕ, ರೇಡಿಯೊ ರಿಪೇರಿ ಅಂಗಡಿಯಲ್ಲಿ
ಧರಣೇಂದ್ರ ಇಳಿಸಿಕೊಡುತ್ತಿದ್ದ, ಹನ್ನೆರಡು ರೂಪಾಯಿ,
ಖಾಲಿ ಕ್ಯಾಸೆಟ್ಟು ನಮ್ಮದು.
ಇಂಗ್ಲಿಷ್ ಬರೆಯಲು ಅವನಿಗೆ ಬೇಜಾರು.
ನೀಲಿ ಪೆನ್ನಲ್ಲಿ ತಾನೇ ಹೆಸರಿಡುತ್ತಿದ್ದ:
'ಗಡ್ಡದವರು', 'ಗಡ್ಡದವರು ಎರಡು',
ಮೂರನೆಯದಕ್ಕೆ 'ರಾತ್ರಿ ಒಬ್ಬರೇ ಕೇಳಬೇಡಿ'.
ಈಗ ಫೋನು ನಿಜವಾದ ಹೆಸರು ತೋರಿಸುತ್ತದೆ.
ಓದಿದೆ. ಪರವಾಗಿಲ್ಲ. ಧರಣೇಂದ್ರನದೇ ವಾಸಿ.

ಸಾಲಗಾಮೆ ರಸ್ತೆಯ ಲ್ಯಾಬಿನಲ್ಲಿ
ಬೆಳಗ್ಗೆ ಏಳರಿಂದ ರಕ್ತ ತೆಗೆಯುವವಳು ನಾನು.
ಮೈಕ್ರೊಸ್ಕೋಪಿನ ಕೆಳಗೆ ಬಿಳಿ ಕಣ ಎಣಿಸುವಾಗ
ಕಿವಿಯಲ್ಲಿ ಗಡ್ಡದವರು.
ಬೆರಳು ಅವರ ತಾಳಕ್ಕೆ ಬೀಳದಂತೆ ನೋಡಿಕೊಳ್ಳಬೇಕು,
ಇಲ್ಲದಿದ್ದರೆ ಅರಸೀಕೆರೆಯ ಯಾರಿಗೋ
ಇಲ್ಲದ ಸೋಂಕು ಬರುತ್ತದೆ.

ಸಿನಿಮಾಕ್ಕೆ ವಿಲ್ಮಾ ಜೊತೆ, ಭಾನುವಾರ, ಮ್ಯಾಟಿನಿ.
ವಿಲ್ಮಾ ಎಕ್ಸ್‌ರೇ ವಿಭಾಗ. ಎರಡು ಬೆರಳಿಟ್ಟು ಶಿಳ್ಳೆ ಹೊಡೆದರೆ
ಮುಂದಿನ ಸಾಲಿನ ಹುಡುಗರು ತಿರುಗಿ ನಮಸ್ಕಾರ ಹಾಕುತ್ತಾರೆ.
ಈ ವರ್ಷ ನೋಡಿದ್ದರಲ್ಲಿ,
ಹೀರೋ ಹದಿನೇಳು ನಿಮಿಷ ಬರೀ ನಡೆದು ಬಂದದ್ದು:
ಅಷ್ಟು ಹೊತ್ತಿಗೆ ತಣ್ಣೀರುಹಳ್ಳದಿಂದ ನಾನೇ ನಡೆದು ಬರುತ್ತೇನೆ,
ಹಿನ್ನೆಲೆ ಸಂಗೀತ ಯಾರೂ ಹಾಕುವುದಿಲ್ಲ.
ದೋಣಿ ನಡೆಸುವ ಹೆಂಗಸಿನದು: ಚೆನ್ನಾಗಿದೆ. ಮೂರೇ ದಿನ ಇತ್ತು.
ನಾವೂ ಸೇರಿ ಒಂಬತ್ತು ಜನ, ಅದರಲ್ಲಿ ಇಬ್ಬರಿಗೆ ನಿದ್ದೆ.
ಆಕೆ ಹುಟ್ಟು ಕೆಳಗಿಟ್ಟು ತನ್ನ ಕೈ ನೋಡಿಕೊಳ್ಳುತ್ತಾಳಲ್ಲ,
ಅಲ್ಲಿ ಪಿಟೀಲು ಕುಯ್ಯದೆ ಸುಮ್ಮನೆ ಬಿಟ್ಟವರಿಗೆ
ನನ್ನ ಒಂದು ತಿಂಗಳ ಸಂಬಳ ಕೊಡಬಹುದು.
ಅರ್ಧ ತಿಂಗಳದ್ದು.

ಇನ್ನೊಂದು, ಪೊಲೀಸಿನದು. ಎರಡೂ ಮುಕ್ಕಾಲು ಗಂಟೆ ಕೂರಿಸಿ
ಬಾವಿಯೊಳಗೆ ಟಾರ್ಚು ಬಿಡುವ ಹೊತ್ತಿಗೆ
'ಮುಂದಿನ ಭಾಗದಲ್ಲಿ' ಅಂತ ತೆರೆ ಕಪ್ಪಾಯಿತು.
ಮೈ ಉರಿದುಹೋಯಿತು.
ಸ್ಕೂಟರ್ ಸ್ಟ್ಯಾಂಡಿನಲ್ಲೇ ಶುರು ಮಾಡಿದೆ:
ಕರೆದು, ಎಲೆ ಹಾಕಿ, ಉಪ್ಪು ಬಡಿಸಿ,
ಅನ್ನ ಬರುವ ವರ್ಷ ಅನ್ನುವ ಜನ!

ವಿಲ್ಮಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಕೇಳಿದಳು:
'ನಿನ್ನ ಗಡ್ಡದವರ ಹಾಡೂ ಅರ್ಧಕ್ಕೇ ನಿಲ್ಲುತ್ತಲ್ಲೇ?'

ನಿಲ್ಲುತ್ತದೆ.
'ರಾತ್ರಿ ಒಬ್ಬರೇ ಕೇಳಬೇಡಿ', ಬಿ ಸೈಡು, ಕೊನೆಯ ಹಾಡು.
ಗಿಟಾರು ಮೇಲೇರಿ, ಇನ್ನೂ ಮೇಲೇರಿ, ಹಾಡುವವನು
ಉಸಿರು ಎಳೆದುಕೊಳ್ಳುತ್ತಾನೆ
ಟಕ್.
ಟೇಪು ಮುಗಿಯಿತು. ನಲವತ್ತೈದನೇ ನಿಮಿಷ.
ಇಪ್ಪತ್ತಾರು ವರ್ಷ ಆ ಉಸಿರು ಒಳಗೇ ಇತ್ತು.
ಮೊದಲ ಸಂಬಳದ ದಿನ,
ಮದುವೆ ಮುರಿದು ವಾಪಸು ಬಂದ ವಾರ,
ಅವನು ಇನ್ನೇನು ಹಾಡುತ್ತಾನೆ ಎನ್ನುವಲ್ಲೇ ಇದ್ದ.

ಹೋದ ತಿಂಗಳು ಫೋನಿನಲ್ಲಿ ಪೂರ್ತಿ ಸಿಕ್ಕಿತು.
ಕ್ಯಾಂಟೀನಿನ ಹಿಂದೆ ನಿಂತು ಕೇಳಿದೆ.
ಉಸಿರು ಬಿಟ್ಟು ಅವನು ಹಾಡಿದ್ದು
ಮೊದಲ ಸಾಲನ್ನೇ, ಮತ್ತೆ. ನಾಲ್ಕು ಸಲ.
ಆಮೇಲೆ ಬಿ.ಎಂ. ರಸ್ತೆಯಲ್ಲಿ ದೂರವಾಗುವ ಲಾರಿಯಂತೆ
ಸಣ್ಣಗೆ, ಸಣ್ಣಗೆ.
ಅಷ್ಟೇ.

'ಅದು ಬೇರೆ,' ಅಂದೆ. 'ಟೇಪಿನಲ್ಲಿ ಜಾಗ ಇರಲಿಲ್ಲ.
ಇವರು ಇಟ್ಟುಕೊಂಡೂ ಕೊಡಲಿಲ್ಲ.'
'ಹಾಗಾದರೆ ಎರಡನೇ ಭಾಗಕ್ಕೆ ಬರಲ್ಲ?'
ಬರುತ್ತೇನೆ ಕಣೆ. ಬಾವಿಯಲ್ಲಿ ಏನಿದೆ ಅಂತ ನೋಡಬೇಡವೆ.

ಧರಣೇಂದ್ರ ಈಗ ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುತ್ತಾನೆ.
ಶುಗರ್ ಟೆಸ್ಟಿಗೆ ಬಂದಿದ್ದ. ತೋಳಿಗೆ ಪಟ್ಟಿ ಕಟ್ಟುತ್ತಾ
ಆ ಹಾಡಿನ ವಿಷಯ ತೆಗೆದೆ.
ಗಡ್ಡದವರು ಯಾರೆಂದೇ ನೆನಪಿಲ್ಲ ಅವನಿಗೆ.
ಸೂಜಿಯ ಕಡೆ ನೋಡದೆ, ಗೋಡೆಯ ಕಡೆ ಮುಖ ಮಾಡಿ ಹೇಳಿದ:
'ಕ್ಯಾಸೆಟ್ಟು ನಿಮ್ಮದೇ ಅಲ್ವಾ ಮೇಡಂ.
ಉದ್ದದ್ದು ತಂದಿದ್ರೆ ಪೂರ್ತಿ ಬರ್ತಿತ್ತು.'